ಯೋಗವಾಹಗಳ ಬಣ್ಣ

ವಿದ್ಯೆಯ ವಿಷಯದಲ್ಲಿ ಲೋಕದ ಜನರನ್ನು ಕಲಿಯುವವರೆಂದೂ ಕಲಿಸುವವರೆಂದೂ ಎರಡೇ ಪಂಗಡಗಳಾಗಿ ವಿಭಾಗಿಸಿ ಸುಮ್ಮನಾದ ನಮ್ಮ ಹಿರಿಯರು, ಈ ಎರಡಕ್ಕೂ ಸೇರದೆ, ಆದರೆ ಈ ಎರಡು ಪಂಗಡದವರಿಗೂ ಬೇಕಾಗುವ ಸಾಮಗ್ರಿಯನ್ನು ಆರಿಸುವುದರಲ್ಲಿಯೇ ಆಯುಷ್ಯವನ್ನು ಸವೆಸುವ ಮೂರನೆಯದೊಂದು ಪಂಗಡವಿರುವುದನ್ನು ಏಕೆ ಲಕ್ಷಿಸಲಿಲ್ಲವೋ ನಾನರಿಯೆ. ನಾನು ಆ ಮೂರನೆಯ ಪಂಗಡಕ್ಕೆ ಸೇರಿದವನು. ಬಾಲಬೋಧೆಯೊಂದನ್ನು ಕೈಗೆತ್ತಿಕೊಂಡು, ಅದರ ಅಚ್ಚಿನ ಮೊಳೆಯ ಗಾತ್ರವನ್ನೂ ಹೊಲಿಗೆಯ ಭದ್ರತೆಯನ್ನೂ ಪರೀಕ್ಷಿಸಿ, ‘ಈ’ ಎಂಬಲ್ಲಿ ಈಶ್ವರನನ್ನು ಚಿತ್ರಿಸಿರುವರೋ ಈರುಳ್ಳಿಯನ್ನು ಚಿತ್ರಿಸಿರುವರೋ ಎಂದು ನೋಡಿ, ಈರುಳ್ಳಿಯಾದ ಪಕ್ಷದಲ್ಲಿ ಪ್ರಕಾಶಕರ ಲೋಕಾನುಭವಕ್ಕೆ ಮನಸ್ಸಿನಲ್ಲಿಯೇ ವಂದಿಸಿ, ಅಂಗಡಿಯವನು ಎರಡು ಸಲ ಕೆಮ್ಮಿದ ಮೇಲೆ ದುಡ್ಡು ತೆತ್ತು ಮನೆಗೆ ತರುವುದರಲ್ಲಿ ನನಗುಂಟಾಗುವ ಆನಂದವು ಅದನ್ನು ತೆರೆದು ಓದುವವರಿಗೂ ಉಂಟಾಗುವುದೋ ಇಲ್ಲವೋ ಹೇಳಲಾರೆ. ಏಕೆಂದರೆ ಹಾಗೆ ತೆರೆದು ಓದಿದವರನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ವಿರಳ.

ಗೋಡೆಯುದ್ದಕ್ಕೂ ಬೆಳೆದು ನಿಂತಿರುವ ಕಪಾಟುಗಳನ್ನು ಬಂದವರಿಗೆಲ್ಲ ತೋರಿಸುವುದು ನನಗೆ ಹೆಮ್ಮೆ. ಅವುಗಳ ಧೂಳನ್ನು ತೋರಿಸುವುದು ನನ್ನ ಪತ್ನಿಗೆ ಸಮಾಧಾನ. ಶಿವರಾಮ ಕಾರಂತರು ಒಬ್ಬರೇ ಕುಳಿತು ರಚಿಸಿದ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಅಲ್ಲಿವೆ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಹೆಕ್ಕಿ ತಂದವು. ನಿರಂಜನರ ಸಂಪಾದಕತ್ವದಲ್ಲಿ ಹೊರಬಂದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳಿವೆ, ಅವನ್ನು ಮಗನಿಗೆಂದು ತಂದೆ. ಮಗನು ಅವನ್ನು ಓದಿದನೆಂದು ಪ್ರಮಾಣ ಮಾಡಲಾರೆನಾದರೂ, ಅವನು ಇಂಜಿನಿಯರಾದುದಕ್ಕೂ ಆ ಏಳು ಸಂಪುಟಗಳು ಅವನ ಮಂಚದ ತಲೆಯ ಕಡೆಗಿದ್ದುದಕ್ಕೂ ಏನೋ ಸಂಬಂಧವಿರಬೇಕೆಂದು ಭಾವಿಸುವ ಸ್ವಾತಂತ್ರ್ಯ ತಂದೆಯಾದವನಿಗೆ ಇದ್ದೇ ಇದೆ. ಕೆಳಗಿನ ಹಲಗೆಯಲ್ಲಿ, ಮೇಲಿಟ್ಟರೆ ಹಲಗೆ ಬಾಗುವುದೆಂಬ ಭಯದಿಂದ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಮಾಡಿದ ಕಿಟ್ಟೆಲರ ನಿಘಂಟಿನ ಮರುಮುದ್ರಣವೊಂದು ಮಲಗಿದೆ. ಸುಮಾರು 70,000 ಶಬ್ದಗಳ ಆ ಮಹಾಕೋಶದ ನಿಜವಾದ ಉಪಯೋಗವು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಮುಂದೆ ಹೇಳುವೆನು.

ಮೊಮ್ಮಗಳಿಗೆ ನಾಲ್ಕು ವರ್ಷ ತುಂಬಿತು. ಇನ್ನು ಮನೆಯಲ್ಲಿಯೇ ಕ್ರಮವಾಗಿ ಏನಾದರೂ ಕಲಿಸಬೇಕೆಂಬ ಮಾತು ಬಂದೊಡನೆ, ಬಹುಕಾಲ ಯುದ್ಧವಿಲ್ಲದೆ ಕುಳಿತ ಸೇನಾಪತಿಯ ಉತ್ಸಾಹದಿಂದ ನಾನು ಎದ್ದೆನು. ಮೊದಲು ಶಾಸ್ತ್ರವನ್ನು ಅರಿಯಬೇಡವೆ? ಜರ್ಮನಿಯ ಫ್ರೋಬೆಲನು ಮಕ್ಕಳಿಗೆ ಉಣ್ಣೆಯ ಚೆಂಡು, ಮರದ ಗೋಲ, ಘನ ಮೊದಲಾದುವನ್ನು ‘ಕೊಡುಗೆ’ಗಳೆಂದು ಕ್ರಮವಾಗಿ ಕೊಡಿಸಿದುದನ್ನು ಓದಿದೆ. ವಕೀಲಿ ಬಿಟ್ಟು ಭಾವನಗರದಲ್ಲಿ ಮಕ್ಕಳ ಮೇಷ್ಟರಾದ ಗಿಜುಭಾಯಿ ಬಧೇಕರ ‘ದಿವಾಸ್ವಪ್ನ’ವನ್ನು ಓದಿ, ನಾನೂ ಏನನ್ನಾದರೂ ಬಿಟ್ಟು ಬರಬೇಕೆಂದು ಹಂಬಲಿಸಿ, ನಿವೃತ್ತನಾದ ನನಗೆ ಬಿಡಲು ಏನೂ ಉಳಿದಿಲ್ಲವೆಂದು ಸುಮ್ಮನಾದೆ. ಕೊನೆಗೆ ಮನಸ್ಸು ನಿಂತದ್ದು ಮರಿಯಾ ಮಾಂಟೆಸ್ಸೊರಿಯವರಲ್ಲಿ. 1907ರಲ್ಲಿ ರೋಮ್ ನಗರದ ಬಡವರ ಬೀದಿಯೊಂದರಲ್ಲಿ ಮೊದಲ ಶಿಶುಗೃಹವನ್ನು ತೆರೆದ ಈ ಮಹನೀಯೆ 1939ರಲ್ಲಿ ಮದರಾಸಿನ ಅಡಯಾರಿಗೆ ಕೆಲವು ತಿಂಗಳಿಗೆಂದು ಬಂದು, ಯುದ್ಧ ಹಬ್ಬಿದ ಕಾರಣ 1946ರವರೆಗೆ ನಮ್ಮ ದೇಶದಲ್ಲಿಯೇ ಉಳಿಯಬೇಕಾಯಿತು. ಅವರು ಬೆಂಗಳೂರಿನ ಬಸವನಗುಡಿಯಲ್ಲಿ ಉಳಿದಿದ್ದು ಕನ್ನಡ ವರ್ಣಮಾಲೆಯನ್ನು ಒಮ್ಮೆ ನೋಡಿದ್ದರೆ ನಾನು ಪಟ್ಟ ಪಾಡು ತಪ್ಪುತ್ತಿತ್ತು.

ಅವರ ಸಾಧನಗಳಲ್ಲಿ ನನ್ನನ್ನು ಸೆರೆಹಿಡಿದದ್ದು ಉಪ್ಪುಕಾಗದದ ಅಕ್ಷರಗಳು. ಮರವನ್ನು ನಯಮಾಡುವ ಒರಟು ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ, ನುಣುಪಾದ ಹಲಗೆಗಳ ಮೇಲೆ ಅಂಟಿಸಿ, ಮಗುವು ತೋರುಬೆರಳು ನಡುಬೆರಳುಗಳಿಂದ ಬರೆಯುವ ಕ್ರಮದಲ್ಲಿಯೇ ಅವನ್ನು ಸವರುವಂತೆ ಮಾಡಿದರೆ, ಕಣ್ಣು ಕಾಣುವ ಮೊದಲೇ ಕೈಯು ಅಕ್ಷರವನ್ನು ಬಲ್ಲುದು ಎಂಬುದು ತತ್ತ್ವ.

“ಅಕ್ಷರಾಭ್ಯಾಸದ ದಿನ ತಟ್ಟೇಲಿ ಅಕ್ಕಿ ಹರಡಿ ಬೆರಳು ಹಿಡಿದು ಬರೆಸಿದ್ವಲ್ಲಾ, ಅದಕ್ಕೇನಾಗಿತ್ತು?” ಎಂದಳು ನನ್ನ ಪತ್ನಿ.

“ಅಕ್ಕಿಯ ಮೇಲಿನ ಅಕ್ಷರ ಅಳಿಸಿಹೋಗುತ್ತೆ.”

“ಅಳಿಸದಿದ್ರೆ ಎರಡನೇ ಸಲ ಬರೆಯೋದೆಲ್ಲಿ?”

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕುಳಿತರೆ ಶಾಸ್ತ್ರವು ಮುಂದುವರಿಯುವುದಿಲ್ಲವಾದುದರಿಂದ ನಾನು ಚೀಲ ಹಿಡಿದು ಸದರ್ ಪತ್ರಪ್ಪ ರಸ್ತೆಗೆ ಹೊರಟೆನು. ಅಲ್ಲಿನ ಅಂಗಡಿಯ ಹುಡುಗನು ಉಪ್ಪುಕಾಗದವೆಂದ ಕೂಡಲೆ ತಲೆಯೆತ್ತದೆ, “ಮರಕ್ಕಾ, ಕಬ್ಬಿಣಕ್ಕಾ, ಗೋಡೆಗಾ?” ಎಂದು ಕೇಳಿದನು. “ಮೊಮ್ಮಗಳಿಗೆ” ಎಂದೆ. ಆಗ ತಲೆಯೆತ್ತಿದನು. 80ನೆಯ ನಂಬರು ಒರಟು, 120 ಸಾಧಾರಣ, 220 ನಯವೆಂದು ಮೂರನ್ನೂ ಮುಂದಿಟ್ಟು, ನಾನು ಒಂದೊಂದನ್ನೇ ಕೆನ್ನೆಗೆ ಒತ್ತಿ ಸವರಿ ಕಣ್ಮುಚ್ಚಿ ಪರೀಕ್ಷಿಸುತ್ತಿದ್ದುದನ್ನು ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದನು.

ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಮುತ್ತಿನಂತಿವೆಯೆಂದು ಹೊಗಳುವವರು ಅವನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ನೋಡಿದವರಲ್ಲ. ‘ಞ’ಕಾರವು ಎರಡು ಕತ್ತರಿಗಳ ಅಲಗನ್ನು ಮೊಂಡುಮಾಡಿತು, ‘ಝ’ಕಾರವು ನನ್ನ ಹೆಬ್ಬೆರಳಿನಲ್ಲಿ ಇಂದಿಗೂ ಗುರುತನ್ನು ಉಳಿಸಿದೆ. ಒರಟು ಬದಿಯಲ್ಲಿ ಬರೆಯಲಾಗದೆಂದು ಹಿಂಬದಿಯಲ್ಲಿ ಬರೆಯುವಾಗ ಅಕ್ಷರವನ್ನು ತಿರುವುಮುರುವಾಗಿ ಬರೆಯಬೇಕೆಂದು ರಂಗೋಲಿಯಲ್ಲಿ ಪಳಗಿದ ನನ್ನ ಪತ್ನಿಯು ಮುಂಚಿತವಾಗಿ ಎಚ್ಚರಿಸಿದ್ದರಿಂದ ಕನ್ನಡವು ಉಳಿಯಿತು. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಐತ್ವ, ವಟ್ರಸುಳಿ, ಅರ್ಕಾವತ್ತುಗಳನ್ನೆಲ್ಲ ಬೇರೆಬೇರೆಯಾಗಿ ಮಾಡಿದೆ. ಮೈದಾಹಿಟ್ಟಿನ ಅಂಟನ್ನು ಕಾಯಿಸಿ ಮೆತ್ತಿದ ಹಲಗೆಗಳು ಒಣಗುವವರೆಗೆ ಸೆಟೆದುಕೊಳ್ಳದಂತೆ ಒತ್ತಿಹಿಡಿಯಲು ತಕ್ಕ ಭಾರವನ್ನು ಹುಡುಕುತ್ತಿದ್ದಾಗ ಕಿಟ್ಟೆಲರು ಕಣ್ಣಿಗೆ ಬಿದ್ದರು. ಕನ್ನಡಕ್ಕೆ ಅವರಿಂದಾದ ಸೇವೆಯು ಇನ್ನೂ ಮುಗಿದಿಲ್ಲವೆಂದು ನನಗೆ ಆಗ ಮನವರಿಕೆಯಾಯಿತು.

ಇಷ್ಟರಲ್ಲಿ ಮಹಾಸಂಕಟವೊಂದು ತಲೆದೋರಿತು. ಈ ಬಗೆಯ ಸಾಧನಗಳಲ್ಲಿ ಸ್ವರಗಳಿಗೆ ನೀಲಿಯ ಹಲಗೆ, ವ್ಯಂಜನಗಳಿಗೆ ಗುಲಾಬಿಯ ಹಲಗೆ ಎಂಬ ಕಟ್ಟಳೆಯುಂಟು. ನಮ್ಮ ಹದಿಮೂರು ಸ್ವರಗಳು ನೀಲಿಯ ಮೇಲೆ ಏರಿದವು. ಮೂವತ್ತನಾಲ್ಕು ವ್ಯಂಜನಗಳು ಗುಲಾಬಿಯ ಮೇಲೆ ಕುಳಿತವು. ಉಳಿದುವು ಎರಡು: ಅನುಸ್ವಾರ, ವಿಸರ್ಗ. ಸ್ವರವೂ ಅಲ್ಲದ, ವ್ಯಂಜನವೂ ಅಲ್ಲದ ಈ ಯೋಗವಾಹಗಳಿಗೆ ಯಾವ ಬಣ್ಣ? ಇಟಲಿಯಲ್ಲಿ ಈ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಪ್ರಸ್ತಾಪಿಸಿದೆ. “ಯಾವುದಾದ್ರೂ ಒಂದು ಬಣ್ಣ ಹಾಕಿ ಅಪ್ಪಾ” ಎಂದನು ಮಗ. ಏಳು ಸಂಪುಟಗಳನ್ನು ತೆರೆಯದಿದ್ದವನ ಉತ್ತರ ಅದು. ಅಕ್ಷರಮಾಲೆಯಲ್ಲಿ ಅವು ಸ್ವರಗಳ ಬೆನ್ನಿಗೇ ಬರುವುದರಿಂದ ನೀಲಿಯೇ ಇರಲೆಂದು ಸೊಸೆ ಸಂಧಾನ ಹೂಡಿದಳು. ಹಿಂದೆ ಬಂದ ಮಾತ್ರಕ್ಕೆ ಮನೆಯವರಾಗುವರೆ ಎಂದು ನಾನು ಕೇಳಿದೆ. ಸಾರು ಆರಿತು.

ಮರುದಿನ ಪಕ್ಕದ ಬೀದಿಯ ನಿವೃತ್ತ ಕನ್ನಡ ಪಂಡಿತರನ್ನು ಬರಮಾಡಿಕೊಂಡೆ. ಅವರು ಕಾಫಿ ಕುಡಿದು, ಹಲಗೆಗಳನ್ನೆಲ್ಲ ನೋಡಿ, ಯೋಗವಾಹಗಳು ಪರಾಶ್ರಿತಗಳಾದುದರಿಂದ ಅವುಗಳಿಗೆ ಪ್ರತ್ಯೇಕ ಹಲಗೆಯನ್ನು ಕೊಡುವುದೇ ಅಪಚಾರವೆಂದು ತೀರ್ಪಿತ್ತರು. ಅರ್ಧ ನೀಲಿ ಅರ್ಧ ಗುಲಾಬಿಯಾದರೆ ಹೇಗೆಂದೆ. ಹಾಗಾದರೆ ಅವು ಅರ್ಧ ಸ್ವರ, ಅರ್ಧ ವ್ಯಂಜನಗಳೆಂದು ಮಗುವು ಭ್ರಮಿಸಿ, ಆ ಭ್ರಮೆಯು ಮುಂದೆ ಸಂಧಿಪ್ರಕರಣದಲ್ಲಿ ಹೊರಬೀಳುವುದೆಂದು ಹೆದರಿಸಿದರು. ಬಿಳಿಯೆಂದರೆ ಬಣ್ಣವನ್ನೇ ನಿರಾಕರಿಸಿದಂತೆ. ಹಳದಿಯೆಂದರೆ ಕಾರಣ ಕೊಡಬೇಕು. ಎರಡನೆಯ ಕಾಫಿಯ ಹೊತ್ತಿಗೆ ನೀಲಿಯನ್ನೂ ಗುಲಾಬಿಯನ್ನೂ ಬೆರೆಸಿದರೆ ಹುಟ್ಟುವ ನೇರಳೆಯು ಯಾರ ಪಕ್ಷವನ್ನೂ ವಹಿಸದೆ ಇಬ್ಬರ ನಂಟನ್ನೂ ಒಪ್ಪಿಕೊಳ್ಳುವ ಬಣ್ಣವೆಂದು ನನಗೆ ಹೊಳೆಯಿತು; ಪಂಡಿತರು ಕಣ್ಣು ಮುಚ್ಚಿ ಒಂದು ಗಳಿಗೆ ಆಲೋಚಿಸಿ “ಸಾಧು” ಎಂದರು. ಆ ಗಳಿಗೆಯಲ್ಲಿ ನನಗಾದ ಧನ್ಯತೆಯನ್ನು ನನ್ನ ನಿವೃತ್ತಿಯ ದಿನದ ಹಾರವೂ ಉಂಟುಮಾಡಿರಲಿಲ್ಲ. ಸುಲ್ತಾನಪೇಟೆಯ ಕಾಗದದ ಅಂಗಡಿಗಳನ್ನೆಲ್ಲ ಸುತ್ತಿ, ನೇರಳೆಯೆಂದು ಅವರು ಕೊಟ್ಟ ಬದನೆಕಾಯಿ ಬಣ್ಣವನ್ನು ನಿರಾಕರಿಸಿ, ಕೊನೆಗೆ ಸರಿಯಾದುದನ್ನೇ ತಂದು ಪಂಡಿತರ ಮುಂದಿಟ್ಟೆನು. ಅವರು ಅಷ್ಟು ಹೊತ್ತಿಗೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. “ಯೋಗವಾಹಗಳು ಎರಡೇ ಅಲ್ಲ ಸ್ವಾಮೀ, ನಾಲ್ಕು. ಜಿಹ್ವಾಮೂಲೀಯ, ಉಪಧ್ಮಾನೀಯಗಳನ್ನು ಮರೆತಿರಿ.”

ಮರೆತಿರಲಿಲ್ಲ, ಅವುಗಳ ಪರಿಚಯವೇ ನನಗಿರಲಿಲ್ಲ. ಆದರೂ ೱ, ೲ ಎಂಬ ಆ ಎರಡು ಅಪೂರ್ವ ಲಿಪಿಗಳನ್ನೂ ಭಕ್ತಿಯಿಂದ ಕತ್ತರಿಸಿ ನೇರಳೆಯ ಮೇಲೆ ಅಂಟಿಸಿದೆ. ಇಷ್ಟಾದ ಮೇಲೆ, ಪಂಪನ ಕಾಲದಲ್ಲಿ ಬಾಳಿ ಈಗ ಬಳಕೆ ತಪ್ಪಿದ ಱ, ೞಗಳನ್ನು ಮಾತ್ರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಅವೂ ಬಂದವು. ಕೇಶಿರಾಜನು ಕನ್ನಡಕ್ಕೆ ಎಣಿಸಿದ ಶುದ್ಧಗೆಯ ಅಕ್ಷರಗಳು 47, ಇಂದಿನ ಶಾಲೆಯವರು ಎಣಿಸುವುದು 49. ನಾಲ್ಕು ವರ್ಷದ ನನ್ನ ಮೊಮ್ಮಗಳಿಗೆ ಈ ಎರಡು ಲೆಕ್ಕಗಳಲ್ಲಿ ಯಾವುದಕ್ಕೂ ಕೊರತೆಯಾಗದಂತೆ ನಾನು ಏರ್ಪಾಡು ಮಾಡಿದ್ದೆನು.

ಅವಳಾದರೋ ಮೊದಲ ದಿನವೇ ಹಲಗೆಗಳ ಪ್ರಯೋಜನವನ್ನು ಕಂಡುಕೊಂಡಳು. ಮೊಂಡಾದ ಬಣ್ಣದ ಕಡ್ಡಿಗಳನ್ನು ಉಜ್ಜಿದರೆ ಅವು ಚೂಪಾಗುತ್ತಿದ್ದವು. ಅದಕ್ಕಾಗಿ ಅವಳು ಆರಿಸಿಕೊಂಡದ್ದು ವಿಸರ್ಗದ ಹಲಗೆಯನ್ನು; ಎರಡು ಸೊನ್ನೆಗಳಿದ್ದುದರಿಂದ ಎರಡು ಕೈಗೂ ಏಕಕಾಲದಲ್ಲಿ ಕೆಲಸ ಸಿಕ್ಕುತ್ತಿತ್ತು. ವಾರ ಕಳೆಯುವುದರೊಳಗಾಗಿ ವಿಸರ್ಗವು ಹಸುರು, ಕೆಂಪು, ಕಿತ್ತಳೆ, ಕಂದು ಬಣ್ಣಗಳನ್ನೆಲ್ಲ ತಳೆಯಿತು; ಪಂಡಿತರು ಬಂದು ನೋಡಿ, ಏನನ್ನೂ ಹೇಳದೆ ಕಾಫಿ ಕೇಳಿದರು. ಅಕ್ಷರಗಳನ್ನು ಅವಳು ಕಲಿತದ್ದು ಅಜ್ಜಿಯ ಕೈಹಿಡಿದು ಗಾಂಧಿ ಬಜಾರಿಗೆ ತರಕಾರಿಗೆ ಹೋಗುವಾಗ, ಅಂಗಡಿಗಳ ಫಲಕಗಳಿಂದ. ಬೋಂಡಾ ಮಾರುವಲ್ಲಿ ಆ ಹೆಸರಿನ ನಡುವೆ ಬೋಂಡಾವೇ ಇರುವುದನ್ನು ಮೊದಲು ಗುರುತಿಸಿದವಳು ಅವಳು. ಅಂದಿನಿಂದ ಅನುಸ್ವಾರಕ್ಕೆ ನಮ್ಮ ಮನೆಯಲ್ಲಿ ಬೋಂಡಾ ಎಂದೇ ಹೆಸರು. “ತಾತಾ, ಗಾಂಧಿಯೊಳಗೂ ಬೋಂಡಾ ಇದೆ!” ಎಂದು ರಸ್ತೆಯ ನಡುವೆ ಕೂಗಿದಾಗ, ಕೇಶಿರಾಜನ ಕ್ಷಮೆ ಬೇಡಿ ನಾನೂ ಒಪ್ಪಿದೆ.

ಇಲ್ಲಿ ನನ್ನ ಸಿಟ್ಟನ್ನೂ ಸ್ವಲ್ಪ ತೋರಿಸದೆ ಮುಂದೆ ಹೋಗಲಾರೆ. ನನ್ನ ಹುಚ್ಚು ನಿರಪಾಯಕರವಾದುದು. ಆದರೆ ಮಗುವಿನ ಮೆದುಳಿನ ನಡುಭಾಗವನ್ನು ‘ಎಬ್ಬಿಸಿ’, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕ ಓದುವಂತೆ ಮಾಡುವೆವೆಂದು ತಂದೆತಾಯಿಗಳಿಂದ ಸಾವಿರಾರು ರೂಪಾಯಿ ಸುಲಿಯುವ ಜನರ ಹುಚ್ಚು ಹುಚ್ಚೇ ಅಲ್ಲ, ವ್ಯಾಪಾರ. ಅಂಥವನೊಬ್ಬನು ನಮ್ಮ ಬಾಗಿಲಿಗೂ ಬಂದಿದ್ದನು. ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ನೋಡಿದರೆ ಯಾವ ಮಗುವಾದರೂ ಓದುವುದೆಂದು ನಾನೇ ಬಟ್ಟೆ ಕಟ್ಟಿಕೊಂಡು ಅವನದೇ ಜಾಹೀರಾತನ್ನು ಕೊನೆಯವರೆಗೆ ಓದಿ ತೋರಿಸಿದ ಮೇಲೆ, ನನ್ನ ಮೆದುಳು ಈ ವಯಸ್ಸಿನಲ್ಲಿಯೂ ಎಚ್ಚರವಾಗಿದೆಯೆಂದು ಹೊಗಳಿ ಹೊರಟುಹೋದನು. ಇನ್ನು ಮನೆಗೆ ಬಂದ ನೆಂಟರು ಕುಳಿತ ಕೂಡಲೆ “ಎಲ್ಲಿ, ಹತ್ತೊಂಬತ್ತರ ಮಗ್ಗಿ ಹೇಳು ಪುಟ್ಟಿ” ಎಂದು ಮಗುವನ್ನು ಕಟಕಟೆಯಲ್ಲಿ ನಿಲ್ಲಿಸುವರಲ್ಲ, ಅವರನ್ನು ಕುರಿತು ಬರೆಯತೊಡಗಿದರೆ ಈ ಪ್ರಬಂಧದ ಲಾಲಿತ್ಯ ಕೆಡುವುದು.

ದೊಡ್ಡವರಿಗಾಗಿಯೂ ನಾನು ಆರಿಸಿಟ್ಟಿದ್ದೇನೆ. ಮೂವತ್ತು ದಿನಗಳಲ್ಲಿ ತಮಿಳು, ಮೂವತ್ತು ದಿನಗಳಲ್ಲಿ ಹಿಂದಿ, ಮನೆಯಲ್ಲಿಯೇ ಜ್ಯೋತಿಷ, ಅಂಚೆಯ ಮೂಲಕ ಸಂಸ್ಕೃತ. ತಮಿಳಿನ ಪುಸ್ತಕದಲ್ಲಿ ನಾನು ಮುಟ್ಟಿರುವ ಪುಟದವರೆಗಿನ ಜ್ಞಾನದಿಂದ ಮದರಾಸಿನಲ್ಲಿ ನೀರು ಕೇಳಬಹುದು, ಬಿಸಿಯೋ ತಣ್ಣನೆಯದೋ ಎಂದು ಅವರು ಮರುಪ್ರಶ್ನೆ ಹಾಕಬಾರದು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಒಂದು ಬೆಳಗ್ಗೆ ಸೆರಗಿಗೆ ಕೈ ಒರಸಿಕೊಂಡು ಬಂದು, “ಯಜಮಾನ್ರೆ, ಮಗೀಗೆ ಅಷ್ಟೊಂದ್ ಮಾಡೀರಿ, ನಂಗೂ ಒಂದೀಟು ಓದೋದು ಹೇಳ್ಕೊಡಿ” ಎಂದಳು. ನನಗಾದ ಸಂಭ್ರಮವನ್ನು ಏನೆಂದು ಹೇಳಲಿ! ನನ್ನ ಸಂಗ್ರಹವನ್ನು ಉಪಯೋಗಿಸುತ್ತೇನೆಂದು ಯಾರಾದರೂ ಸ್ವಯಂಪ್ರೇರಿತರಾಗಿ ಬಂದುದು ಅದೇ ಮೊದಲು. ಬಾಲಬೋಧೆಯನ್ನು ತೆಗೆದೆ. ‘ಇ’ ಇಲಿ ಎಂದೆ. ಅವಳು ಚಿತ್ರವನ್ನೂ ನನ್ನನ್ನೂ ನೋಡಿದಳು. “ಇಲಿ ನಾನ್ ನೋಡ್ದೇ ಇರೋದಾ? ನಿಮ್ಮನೆ ಇಲೀನ ಬೋನಲ್ಲಿ ಹಿಡ್ದು ಆಚೆ ಬಿಡೋಳು ನಾನೇ ಅಲ್ವಾ?” ಅದನ್ನು ಮುಚ್ಚಿಟ್ಟು ಉಪ್ಪುಕಾಗದದ ಹಲಗೆಗಳನ್ನು ತಂದೆನು. ಎರಡು ಬೆರಳುಗಳನ್ನು ಹೇಗೆ ಇಡಬೇಕು, ಎಲ್ಲಿ ತೊಡಗಿ ಎಲ್ಲಿ ತಿರುಗಬೇಕು ಎಂಬುದನ್ನೆಲ್ಲ ತೋರಿಸಿ, ಕಣ್ಣು ಮುಚ್ಚಿಕೊಂಡು ಸವರುವಂತೆ ಹೇಳಿದೆ. ಅವಳು ಸವರಿದಳು. ಮತ್ತೊಮ್ಮೆ ಸವರಿದಳು.

“ಏನೂ ತಿಳೀತಿಲ್ಲ ಯಜಮಾನ್ರೆ. ಎಲ್ಲಾ ನುಣ್ಣಗೇ ಐತೆ.”

ಮಗುವಿನ ಬೆರಳ ತುದಿ ಸೂಕ್ಷ್ಮವಾಗಲೆಂದು ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಕೈ ತೊಳೆಸಬೇಕೆಂದು ಮಾಂಟೆಸ್ಸೊರಿಯವರು ಬರೆದಿದ್ದಾರೆ. ಈ ಬೆರಳುಗಳನ್ನು ದಿನಕ್ಕೆ ಐದು ಮನೆಗಳ ನೀರು ತೊಳೆಯುತ್ತಿತ್ತು. ಮೊದಲು ಬೂದಿ, ಆಮೇಲೆ ಸಾಬೂನಿನ ಪುಡಿ, ಈಗ ಉಕ್ಕಿನ ನಾರು. ನಾನು ಕೆನ್ನೆಗೊತ್ತಿ ಆರಿಸಿದ 120ನೆಯ ನಂಬರಿನ ಕಾಗದವು ಅವಳಿಗೆ ರೇಶಿಮೆ. ಬೇಕಾದರೆ 80ನೆಯದನ್ನು ತರುವೆನೆಂದು ನನ್ನ ಬಾಯಿಯವರೆಗೆ ಬಂದ ಮಾತನ್ನು ನುಂಗಿದೆನು.

ಅವಳು ಸೊಂಟದಿಂದ ಪುಟ್ಟ 'ನೋಟು' ಪುಸ್ತಕವೊಂದನ್ನು ತೆಗೆದಳು. ಚೀಟಿ ಪುಸ್ತಕ. ಓದಬೇಕಾದುದು ಇದನ್ನೇ. ತಿಂಗಳು ತಿಂಗಳು ಕಂತು ಕಟ್ಟುವುದು, ಕೂಗಿ ಎತ್ತುವುದು, ಕೂಗಿನಲ್ಲಿ ಬಿಟ್ಟುಕೊಟ್ಟುದನ್ನು ಸದಸ್ಯರಿಗೆಲ್ಲ ಹಂಚುವುದು, ಈ ಲೆಕ್ಕವೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ನೂರಕ್ಕೆ ಮೂರರ ಬಡ್ಡಿಯನ್ನು ನಾನು ಪೆನ್ಸಿಲು ಹುಡುಕುವಷ್ಟರಲ್ಲಿ ಹೇಳಬಲ್ಲವಳು ಅವಳು. ಬರೆದುದು ಏನೆಂಬುದು ಮಾತ್ರ ತಿಳಿಯದು. ವಯಸ್ಕರಿಗೆ ತಕ್ಕ ಸಾಮಗ್ರಿಯನ್ನು ಅರಸಿ ನಾನು ಮತ್ತೆ ಅವೆನ್ಯೂ ರಸ್ತೆಗೆ ಓಡಿದೆನು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು ಹೊಸ ಓದುಗರಿಗೆಂದೇ ಹಿಂದೆ ಹೊರಡಿಸುತ್ತಿದ್ದ ‘ಬೆಳಕು’ ವಾರಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕಾವೆಂದು ಆಸೆಪಟ್ಟೆ, ಸಿಕ್ಕಲಿಲ್ಲ. ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆಯವರ ವಿಚಾರ ಸಿಕ್ಕಿತು. 1963ರಲ್ಲಿ ಅಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಅವರು ಓದುಬರೆಹ ಕಲಿಸಲು ಹೊರಟಾಗ, ಅವರ ಬಾಳಿನಲ್ಲಿ ದಿನವೂ ಒದಗುವ ಮಾತುಗಳನ್ನೇ ಆರಿಸಿಕೊಂಡರಂತೆ; ಇಟ್ಟಿಗೆ ಹೊರುವವನಿಗೆ ಇಟ್ಟಿಗೆ ಎಂಬ ಮಾತಿನಿಂದಲೇ ಅಕ್ಷರ. ಈ ಅದ್ಭುತವನ್ನು ಹೇಳಲು ಏದುಸಿರು ಬಿಡುತ್ತ ಅಡುಗೆಮನೆಗೆ ಬಂದರೆ, ಅಲ್ಲಿ ನನ್ನ ಪತ್ನಿ ಮತ್ತು ಆ ಹೆಂಗಸು ಕಾಫಿ ಲೋಟಗಳ ನಡುವೆ ಚೀಟಿ ಪುಸ್ತಕವನ್ನು ತೆರೆದಿಟ್ಟುಕೊಂಡು ‘ಬಾಕಿ’ಯನ್ನು ಮುಗಿಸಿ ‘ಸಂದಾಯ’ಕ್ಕೆ ಬಂದಿದ್ದರು. ಮೊಮ್ಮಗಳು ಪಕ್ಕದಲ್ಲಿ ನಿಂತು ಸಹಾಯಕ ಅಧ್ಯಾಪಕಿಯಾಗಿದ್ದಳು.

“ನೋಡು, ಬಾಕೀಲಿ ಬೋಂಡಾ ಇಲ್ಲ. ಸಂದಾಯದಲ್ಲಿ ಇದೆ.”

ಫ್ರೇರೆಯವರನ್ನು ನಾನು ಹಿತ್ತಲಿಗೆ ಒಯ್ದೆನು.

ಮುಂದಿನದು ಬೇಗ ನಡೆಯಿತು. ಆ ಹೆಂಗಸು ಪುಸ್ತಕದ ಪುಟಗಳನ್ನು ಹಿಂದಕ್ಕೆ ತಿರುವುತ್ತ, ತಾನು ಹಣ ಕಟ್ಟಿದ ತಿಂಗಳೊಂದರ ಎದುರಿಗೆ ಬೋಂಡಾ ಇಲ್ಲದಿರುವುದನ್ನು ಕಂಡಳು. ಮಾರನೆಯ ದಿನ ಸಂಜೆ ಚೀಟಿ ನಡೆಸುವಾಕೆಯೇ ನಮ್ಮ ಮನೆಯ ಮುಂದೆ ಪ್ರತ್ಯಕ್ಷಳಾದಳು. ಗೇಟು ತೆಗೆಯುವ ಶಬ್ದದಿಂದಲೇ ಆಕೆಯ ಮನಃಸ್ಥಿತಿಯನ್ನು ಊಹಿಸಿ ನಾನು ಕಿಟ್ಟೆಲರನ್ನು ತೊಡೆಯ ಮೇಲಿರಿಸಿಕೊಂಡು ವ್ಯಾಸಂಗದಲ್ಲಿ ಮಗ್ನನಾದೆನು.

“ಇಷ್ಟ್ ವರ್ಷ ಇಲ್ದೇ ಇರೋ ಬುದ್ಧಿ ಈಗ್ಯಾಕ್ ಬಂತು ಅವಳಿಗೆ? ಯಾವ ಪುಸ್ತಕ ಇಟ್ಕೊಂಡು ಹೇಳ್ಕೊಟ್ರಿ ನೀವು?”

“ನೀವು ಬರೆದಿದ್ದೇ” ಎಂದಳು ನನ್ನ ಪತ್ನಿ.

ಮರೆವಿನಿಂದ ಆದುದೆಂದು ಚೀಟಿಯಾಕೆ ಹೇಳಿದಳು, ಮರೆವೇ ಇರಬಹುದು. ಜಗಲಿಯ ಮೇಲೆ ಕುಳಿತು ‘ಬಾಕಿ’ಯನ್ನು ಹೊಡೆದುಹಾಕಿ ‘ಸಂದಾಯ’ವೆಂದು ಬರೆದಳು, ಸೊನ್ನೆಯನ್ನು ಸ್ವಲ್ಪ ಕೋಪದಿಂದಲೇ ದೊಡ್ಡದಾಗಿ ಸುತ್ತಿದಳು. ವಯಸ್ಕರ ಶಿಕ್ಷಣಕ್ಕೆ ಇದಕ್ಕಿಂತ ಉತ್ತಮವಾದ ಸಾಮಗ್ರಿಯನ್ನು ನಾನು ಈವರೆಗೆ ಕಂಡಿಲ್ಲವಾದುದರಿಂದ, ಆ ಚೀಟಿ ಪುಸ್ತಕವನ್ನು ನನ್ನ ಸಂಗ್ರಹಕ್ಕೆ ಕೊಡುವಂತೆಯೂ, ಬೇಕಾದರೆ ಹೊಸ ಪುಸ್ತಕವೊಂದನ್ನು ಬದಲಿಗೆ ಕೊಡಿಸುವೆನೆಂದೂ ಆ ಹೆಂಗಸನ್ನು ಬಹಳವಾಗಿ ಕೇಳಿಕೊಂಡೆ. ಕಂತು ಇನ್ನೂ ಮುಗಿದಿಲ್ಲವೆಂದು ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಮನೆಯ ಪಾತ್ರೆಗೆ ಹೊರಟುಹೋದಳು.